ಅತಿಕ್ರಮಣ ‘ಇಲ್ಲೆ’

ಶಿರಸಿ ಪೇಟೆಯಲ್ಲಿ ಅಂಗಡಿ ಇಟ್ಟವನು ನಗೆಯ ಸಾಮಾನನ್ನು ಹೊರಗಿಂದ ತರಿಸಬೇಕಾಗಿಲ್ಲ, ಅದು ತಾನಾಗಿ ಬಾಗಿಲಿಗೆ ಬರುತ್ತದೆ. ನಾನು ಹೇಳುವುದರಲ್ಲಿ ಅರ್ಧ ಸುಳ್ಳು ಎನ್ನುತ್ತಾಳೆ ನಮ್ಮನೆಯವಳು. ಯಾವ ಅರ್ಧ ಎಂದು ಅವಳಿಗೂ ಗೊತ್ತಿಲ್ಲ.

ಒಗ್ಗಟ್ಟಿನ ರೇಟು

ನನ್ನದು ಹಾಸಿಗೆ-ದಿಂಬಿನ ಅಂಗಡಿ. ಎದುರಿನ ಪಾತ್ರೆ ಅಂಗಡಿಯವ ಸಿದ್ದಾಪುರದ ಕಡೆಯವ, ವರ್ತಕರ ಸಂಘದ ಅಧ್ಯಕ್ಷ. ಸಂಘ ಸೇರು ಎಂದು ವರ್ಷಾ ವರ್ಷ ಬಂದು ಪೀಡಿಸುತ್ತಿದ್ದ. ಸೇರಿದರೆ ಎಂತ ಸಿಗುತ್ತದೆ ಎಂದರೆ, ಒಗ್ಗಟ್ಟು ಎನ್ನುತ್ತಿದ್ದ.

“ಹಂಗಾರೆ ಕಾಲು ಕೆಜಿ ಕೊಡು, ರುಚಿ ನೋಡ್ತೆ” ಎಂದೆ.

“ಚಿಲ್ಲರೆ ಇಲ್ಲೆ ಮಾರಾಯ. ಹೋಲ್‌ಸೇಲ್ ಮಾತ್ರ.”

ಕೆಂಪು ಗೀಟು

ನಮ್ಮ ಮನೆಮಾತಿನಲ್ಲಿ ‘ಇಲ್ಲೆ’ ಅಂದರೆ ಇಲ್ಲ. ಉಳಿದ ಕರ್ನಾಟಕಕ್ಕೆ ಅದು ‘ಇದೇ ಜಾಗದಲ್ಲಿ’ ಎಂದು ಕೇಳಿಸುತ್ತದೆ. ಧಾರವಾಡದ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ, ಅತಿಕ್ರಮಣ ತೆಗೆಸುವ ಸಾಹೇಬರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅವರ ಹಿಂದೆ ಬಣ್ಣದ ಡಬ್ಬಿ ಹಿಡಿದ ಒಬ್ಬ ನೌಕರ, ಅವನೂ ಅದೇ ಕಡೆಯವ.

“ಅತಿಕ್ರಮಣ ಎಲ್ಲ್ಯಾರ ಐತೇನ್ರಿ?”

“ಇಲ್ಲೆ” ಎಂದೆ, ಖಡಾಖಂಡಿತವಾಗಿ.

ಡಬ್ಬಿಯವ ನನ್ನ ಗೋಡೆಗೆ ಕೆಂಪು ಗೀಟು ಎಳೆದ. ಅಂಗಡಿ ಮುಂದೆ ರಸ್ತೆಗೆ ಚಾಚಿದ ತಗಡಿನ ಮಾಡನ್ನು ಕಿತ್ತು ಹಾಕಬೇಕಂತೆ. ಅದು ಹೋದರೆ ನಮ್ಮ ಮಳೆಗೆ ಇರಚಲು ನೇರ ಒಳಗೆ. ಗಿರಾಕಿ ಹಾಸಿಗೆಯನ್ನು ಹಿಂಡಿಕೊಂಡು ಒಯ್ಯಬೇಕು. ಅಂಗಡಿಯೇ ಮುಗಿದಂತೆ.

ಸಾಹೇಬರು ಹೊರಡುವಾಗ ನನ್ನ ಬೆನ್ನು ತಟ್ಟಿದರು. “ತಾವಾಗೇ ಒಪ್ಪಿಕೊಂಡವ್ರು ನೀವೇ ಮೊದಲಿಗ್ರು ನೋಡ್ರಿ.”

ಅಧ್ಯಕ್ಷರು ಇಲ್ಲೆ

ಅವತ್ತು ಸಂಜೆಯೇ ಸಂಘ ಸೇರಿದೆ. ಅಧ್ಯಕ್ಷ ಮೊದಲು ಹೊಟ್ಟೆ ಹಿಡಿದು ನಕ್ಕ, ಆಮೇಲೆ ಬೆಂಬಲಕ್ಕೆ ಯಲ್ಲಾಪುರದ ವರ್ತಕರನ್ನು ಕರೆತರಲು ಬಸ್ಸು ಹತ್ತಿದ. ಮರುದಿನ ಮಾಡಿನ ವಿಷಯ ಮಾತಾಡಲು ಸಾಹೇಬರು ಅವನನ್ನು ಹುಡುಕಿಕೊಂಡು ಬಂದರು. ಅಷ್ಟರಲ್ಲಿ ನಾನು ಇಡೀ ಬೀದಿಗೆ ಪಾಠ ಮಾಡಿದ್ದೆ: ಏನು ಕೇಳಿದರೂ ಮನೆಮಾತಿನಲ್ಲೇ ಉತ್ತರ, ಸತ್ಯವನ್ನೇ ಹೇಳುವುದು.

ಅಧ್ಯಕ್ಷರು ಅದಾರೇನ್ರಿ ಎಂದು ಕಿರಾಣಿ ಅಂಗಡಿಯಲ್ಲಿ ಕೇಳಿದರು. ಇಲ್ಲೆ. ಸಾಹೇಬರು ಸಕ್ಕರೆ ಮೂಟೆಯ ಹಿಂದೆ ಇಣುಕಿದರು. ಬಟ್ಟೆ ಅಂಗಡಿಯಲ್ಲೂ ಇಲ್ಲೆ. ಪರದೆ ಎತ್ತಿ ನೋಡಿದರು. ಕೊನೆಗೆ ನನ್ನಲ್ಲಿಗೆ ಬಂದರು, ನಾನೂ ಇಲ್ಲೆ ಎಂದೆ. ಹಾಗಾದರೆ ಬರುವವರೆಗೂ ಕಾಯುತ್ತೇನೆಂದು ಹಾಸಿಗೆಯ ಮೇಲೆ ಕೂತವರು ಹಾಗೇ ಒರಗಿ ಗೊರಕೆ ಹೊಡೆದರು.

ಎದ್ದ ಮೇಲೆ ಅಧ್ಯಕ್ಷರನ್ನು ಕೇಳಲಿಲ್ಲ. ಹಾಸಿಗೆಯ ರೇಟು ಕೇಳಿದರು.

ಎರಡನೇ ಗೀಟು

ಮಳೆ ಹಿಡಿದ ದಿನವೇ ಶಿರಸಿ, ಸಿದ್ದಾಪುರ, ಯಲ್ಲಾಪುರದ ವರ್ತಕರೆಲ್ಲ ಸಾಹೇಬರ ಕಚೇರಿ ಮುಂದೆ ಸೇರಿದೆವು. ನೆನೆಯಬಾರದೆಂದು ಕಚೇರಿಯದೇ ತಗಡಿನ ಮಾಡಿನಡಿ ನಿಂತರೆ, ಮೂರು ತಾಲೂಕೂ ಹಿಡಿಸಿತು. ಆ ಮಾಡು ಗಟಾರ ದಾಟಿ ರಸ್ತೆಗೆ ಬಂದಿತ್ತು. ಅದರೆದುರು ನನ್ನದು ಕೂಸು.

ಸಾಹೇಬರು ಹೊರಗೆ ಬಂದರು. ಅಷ್ಟೊತ್ತಿಗೆ ಅವರು ನಮ್ಮ ಮಾತು ಕಲಿತಿದ್ದರು. ಇನ್ನು ಮೋಸ ಹೋಗುವವನಲ್ಲ ಎಂಬ ಕಳೆ ಮುಖದಲ್ಲಿತ್ತು.

ಅಧ್ಯಕ್ಷ ಮೇಲೆ ನೋಡುತ್ತ ಕೇಳಿದ, “ಸಾಹೇಬ್ರೆ, ಕಚೇರಿದು ಅತಿಕ್ರಮಣ ಎಲ್ಲಾದ್ರೂ ಇದ್ಯಾ?”

ಸಾಹೇಬರು ನನ್ನತ್ತ ನೋಡಿ ಮೀಸೆಯಡಿ ನಕ್ಕು, ನಮ್ಮದೇ ರಾಗದಲ್ಲಿ ಹೇಳಿದರು: “ಇಲ್ಲೆ.”

ಪಾಪ, ಡಬ್ಬಿಯವನಿಗೆ ಮಾತ್ರ ಯಾರೂ ಕಲಿಸಿರಲಿಲ್ಲ. ಮುಂದೆ ಬಂದು ಕಚೇರಿ ಗೋಡೆಗೆ ಉದ್ದಕ್ಕೂ ಗೀಟು ಎಳೆದ.

ಅಳಿಸು ಎಂದು ಸಾಹೇಬರು ಗದರಿದರು. ಅಳಿಸುವುದಾದರೆ ಎರಡೂ ಅಳಿಸಬೇಕು, ಕೀಳುವುದಾದರೆ ಎರಡೂ ಮಾಡು ಕೀಳಬೇಕು ಎಂದು ಅಧ್ಯಕ್ಷ. ಮಳೆ ಜೋರಾಯಿತು. ಮಾಡಿನಡಿಯಿಂದ ಒಬ್ಬನೂ ಕದಲಲಿಲ್ಲ, ಸಾಹೇಬರೂ ಕೂಡ. ಎರಡೂ ಅಳಿಸಲು ಹುಕುಂ ಆಯಿತು.

ಆದರೆ ಅದು ಆಯಿಲ್ ಪೇಂಟು. ಉಜ್ಜಿ ಉಜ್ಜಿ ಡಬ್ಬಿಯವ ಸೋತ. ಎರಡು ಗೀಟೂ ಇನ್ನೂ ಹೋಗಿಲ್ಲ. ಎರಡು ಮಾಡೂ ಹೋಗಿಲ್ಲ.