ಅಡಿ ಹಿಡಿದ ಸೂಪು

ಜೇಮ್ಸ್ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಅರಬರ ನಾಡಿನ ಆ ಕಂಪೆನಿಯಲ್ಲಿ ಜನರನ್ನು ಕಡಿಮೆ ಮಾಡುತ್ತಿದ್ದ ಕಾಲ. ಅವನ ಕೆಲಸ ಉಳಿಯಬೇಕಾದರೆ ಸ್ವೀಡನ್ನಿನ ಮ್ಯಾನೇಜರ್ ಟೋರ್ಸ್ಟೆನ್ ಬರುವ ಭಾನುವಾರ ಅವನ ಕಾಗದಕ್ಕೆ ಸಹಿ ಹಾಕಬೇಕಿತ್ತು. ಆ ಮನುಷ್ಯನೋ ಮಳೆಗಾಲದ ಹಪ್ಪಳದಂತೆ ಸದಾ ಮೆತ್ತಗೆ, ಮಂಕಾಗಿ ಕೂತಿರುವವನು.

"ನಮ್ಮಲ್ಲಿ ಗುರುವಾರ ಬಂತೆಂದರೆ ಹಳದಿ ಬಟಾಣಿಯ ಸೂಪು. ಚಳಿಯಲ್ಲಿ ಹೊರಗೆ ಬೆಂಕಿ ಹಾಕಿ ಕುಡಿಯುತ್ತೇವೆ," ಎಂದು ಅವನು ಒಮ್ಮೆ ನಿಟ್ಟುಸಿರಿಟ್ಟ.

"ನನ್ನ ಹೆಂಡತಿ ಅದನ್ನು ಚೆನ್ನಾಗಿ ಮಾಡುತ್ತಾಳೆ ಸರ್," ಎಂದುಬಿಟ್ಟ ಜೇಮ್ಸ್; ಆ ಗುರುವಾರಕ್ಕೇ ಊಟಕ್ಕೆ ಕರೆದೂಬಿಟ್ಟ.

ಆಗ್ನೆಸ್ ಆ ಸೂಪಿನ ಹೆಸರನ್ನೇ ಕೇಳಿರಲಿಲ್ಲ. "ಕೆಲಸ ಹೋಗುವ ಮೊದಲೇ ನಿಮ್ಮ ತಲೆ ಹೋಗಿದೆ," ಎಂದಳು.

ಕೆಳಗಿನ ಮನೆಯ ಅಹ್ಮದ್ ಬಾವಾ ದಿನಸಿ ಅಂಗಡಿಯವರು. ಕರೆಯದಿದ್ದರೂ ಸಹಾಯಕ್ಕೆ ಬರುವವರು. "ಎಂತಕ್ಕೆ ಹೆದರ್ತೀರಿ ಮಾರಾಯ್ರೆ? ನಮ್ಮ ಕಫೀಲ್, ಅಂಗಡಿಯ ಅರಬ್ ಧಣಿ, ಮರುಭೂಮಿಯಲ್ಲಿ ಟೆಂಟ್ ಹಾಕಿದ್ದಾರೆ, ಗುರುವಾರ ಖಾಲಿ ಉಂಟು. ಬಟಾಣಿ, ಕಟ್ಟಿಗೆ ಎಲ್ಲ ನನ್ನದು. ಯಲ್ಲಾ, ಹೋಗುವ."

"ಅದಕ್ಕೆ ಹಂದಿ ಮಾಂಸ ಹಾಕ್ತಾರಂತೆ," ಎಂದಳು ಆಗ್ನೆಸ್.

"ಆ ಸುದ್ದಿ ನನ್ನ ಹತ್ರ ಮಾತಾಡ್ಬೇಡಿ. ಒಣಗಿಸಿದ ದನದ ಮಾಂಸ ತರ್ತೇನೆ."

ಗುರುವಾರ ಸಂಜೆ ಗಾಳಿ ಎದ್ದಿತು. ಚಳಿ ಸ್ವೆಟರಿನೊಳಗೆ ಸಾಲ ಕೇಳುವ ನೆಂಟನಂತೆ ಬಂದು ಕೂತಿತು. ಸೂಪಿನ ಜೊತೆ ಸಾಸಿವೆ ಬೇಕೆಂದು ಮೊಬೈಲಿನಲ್ಲಿ ಓದಿದ್ದ ಆಗ್ನೆಸ್, ಕರಿಬೇವು ಸೇರಿಸಿ ಘಮ್ಮೆಂದು ಒಗ್ಗರಣೆ ಕೊಟ್ಟುಬಿಟ್ಟಳು. ಜೇಮ್ಸ್ ಮೊಬೈಲಿನ ಬೆಳಕಿನಲ್ಲಿ ಎಲೆಗಳನ್ನು ಒಂದೊಂದಾಗಿ ಆರಿಸುತ್ತಿದ್ದರೆ, ಬಾವಾ ಉದಾರವಾಗಿ ಕಟ್ಟಿಗೆ ಒಟ್ಟುತ್ತಿದ್ದರು. ಕರಕಲು ವಾಸನೆ ಮೂಗಿಗೆ ಬಡಿಯುವುದಕ್ಕೂ ಟೋರ್ಸ್ಟೆನ್‌ನ ಕಾರು ಬರುವುದಕ್ಕೂ ಸರಿಹೋಯಿತು.

ಬೇರೆ ದಾರಿಯಿರಲಿಲ್ಲ. ಬಡಿಸಿದರು. ಟೋರ್ಸ್ಟೆನ್ ಒಂದು ಚಮಚ ಕುಡಿದು ಬಟ್ಟಲನ್ನು ಮೂಗಿನ ಹತ್ತಿರ ತಂದ.

"ಅಡಿ ಹಿಡಿದಿದೆ," ಎಂದ.

"ತಪ್ಪಾಯಿತು ಸರ್."

"ನನ್ನ ಅಮ್ಮನ ಸೂಪೂ ಪ್ರತಿ ಗುರುವಾರ ಅಡಿ ಹಿಡಿಯುತ್ತಿತ್ತು." ಅವನ ಕಣ್ಣು ತುಂಬಿತು. ಮತ್ತೆರಡು ಬಟ್ಟಲು ಕೇಳಿ ಹಾಕಿಸಿಕೊಂಡ. ಆಗ್ನೆಸ್ ಶಿಲುಬೆಯ ಗುರುತು ಮಾಡಿಕೊಂಡಳು. "ಖಲಾಸ್, ಚಿಂತೆ ಮುಗಿಯಿತು, ನಿಮ್ಮ ಕೆಲಸ ಗಟ್ಟಿ," ಎಂದು ಬಾವಾ ಜೇಮ್ಸನ ಕಿವಿಯಲ್ಲಿ ಪಿಸುಗುಟ್ಟಿದರು. ಎಷ್ಟೋ ವಾರಗಳ ನಂತರ ಜೇಮ್ಸನಿಗೆ ಹಸಿವಾಯಿತು.

ಟೋರ್ಸ್ಟೆನ್ ಎದ್ದು, ದೂರ ಹೋಗಿ, ಮೊಬೈಲಿನಲ್ಲಿ ಏನೋ ಬರೆದು ಬಂದ. ಅವನ ಮುಖ ಅಷ್ಟು ಬೆಳಗಿದ್ದನ್ನು ಜೇಮ್ಸ್ ಕಂಡೇ ಇರಲಿಲ್ಲ.

"ಊರಿಗೆ ಹೋಗಲೋ ಬೇಡವೋ ಎಂದು ಎರಡು ವರ್ಷದಿಂದ ಒದ್ದಾಡುತ್ತಿದ್ದೆ. ನಿನ್ನ ಸೂಪು ತೀರ್ಮಾನಿಸಿತು. ಈಗಷ್ಟೇ ರಾಜೀನಾಮೆ ಕಳಿಸಿದೆ," ಎಂದು ಜೇಮ್ಸನ ಕೈ ಹಿಡಿದುಕೊಂಡ.

"ನನ್ನ ಕಾಗದಕ್ಕೆ ಸಹಿ, ಸರ್?"

"ರಾಜೀನಾಮೆ ಕೊಟ್ಟವನ ಸಹಿಗೆ ಏನು ಬೆಲೆ, ಜೇಮ್ಸ್? ಹೊಸಬರು ಬಂದು ನೋಡುತ್ತಾರೆ."

ಕಾರಿನ ಕೆಂಪು ದೀಪ ಕತ್ತಲಲ್ಲಿ ಕರಗಿತು. ಬಾವಾ ಕೆಮ್ಮಿ, "ಹೊಸಬರು ಎಂತ ತಿಂತಾರಂತೆ?" ಎಂದರು.

ಜೇಮ್ಸ್ ಪಾತ್ರೆ ಮಗುಚಿ, ಹಿಡಿ ಮರಳು ತೆಗೆದುಕೊಂಡು, ಕರಕಲನ್ನು ತಿಕ್ಕತೊಡಗಿದ.