ಮಾವನವರ ಕಸದ ಕಟ್ಟೆ

ನನ್ನ ಮನೆಯಲ್ಲಿ ನನಗೆಂದು ಇದ್ದದ್ದು ಒಂದೇ ಒಂದು ಸಿಂಹಾಸನ, ಕಿಟಕಿ ಪಕ್ಕದ ಬೆತ್ತದ ಕುರ್ಚಿ. ಅತ್ತೆಯವರು ತೀರಿಹೋದ ಮೇಲೆ ನಮ್ಮಲ್ಲಿಗೆ ಬಂದ ಮಾವನವರು ಅದರಲ್ಲಿ ಕೂತರು. ಕೂತವರು ಏಳಲಿಲ್ಲ, ಬಾಯಿ ಬಿಡಲೂ ಇಲ್ಲ. ಆಯುಷ್ಯವೆಲ್ಲ ಗಾರೆ ಕೆಲಸ ಮಾಡಿದ ಮನುಷ್ಯ, ಬೀದಿಯಲ್ಲಿ ಹಾರಾಡುವ ಪ್ಲಾಸ್ಟಿಕ್ ಕವರುಗಳನ್ನು ನೋಡುತ್ತ ದಿನ ಕಳೆಯುತ್ತಿದ್ದರು.

ನಾನೋ ಹೊಲಿಗೆಯವನು. ದಿನವಿಡೀ ಮೆಷಿನ್ ತುಳಿದು ಬಂದರೆ ಬೆನ್ನಿಗೆ ಗೋಡೆಯೇ ಗತಿ. ಆಗ ಹೊಳೆಯಿತು ಮಹಾಯೋಜನೆ: ಬೀದಿಯ ಕವರುಗಳನ್ನು ಖಾಲಿ ನೀರಿನ ಬಾಟಲಿಗಳಿಗೆ ತುರುಕಿ, ಇಟ್ಟಿಗೆಯಂತೆ ಜೋಡಿಸಿ, ಮಣ್ಣು ಮೆತ್ತಿ, ಬಾಗಿಲ ಹೊರಗೊಂದು ಕಟ್ಟೆ! ಮಾವ ಹೊರಗೆ, ನಾನು ಒಳಗೆ. (ಪರಿಸರ ಪ್ರೇಮ ಎಂದರೆ ಇದೇ.)

"ಅಪ್ಪನ್ನ ಹೊರಗೆ ಕೂರಿಸೋಕೆ ಇಷ್ಟೆಲ್ಲಾ ನಾಟಕಾನಾ?" ಎಂದಳು ಹೆಂಡತಿ.

"ಛೆ, ಬೀದಿ ಸ್ವಚ್ಛ ಆಗ್ಲಿ ಅಂತ ಕಣೇ!"

"ನಿಮ್ಮ ಮುಖ!"

ತುಂಬಿದ ಮೊದಲ ಬಾಟಲಿಯನ್ನು ಮಾವನವರ ಮುಂದಿಟ್ಟೆ. ಅವರು ಎದ್ದರು. ಹೌದು, ಎದ್ದರು! ಅದರ ಮೇಲೆ ಕಾಲಿಟ್ಟು ತುಳಿದರು. ಬಾಟಲಿ ಚಪ್ಪಟೆಯಾಯಿತು.

"ಏನ್ರೀ ಅಳಿಯಂದ್ರೇ, ದಿಂಬು ಹೊಲಿದ್ರಾ? ಕೋಲು ಹಾಕಿ ಜಡೀರಿ. ಕಲ್ಲಿನ ಹಾಗಾಗ್ಬೇಕು."

ನಮ್ಮ ಮನೆಗೆ ಬಂದ ಮೇಲೆ ಅವರಾಡಿದ ಮೊದಲ ಉದ್ದದ ಮಾತು ಅದು. ಬೈಗುಳವಾದರೇನು, ಹೆಂಡತಿ ಅಡುಗೆಮನೆಯಿಂದ ಓಡಿಬಂದು ಕೇಳಿಸಿಕೊಂಡಳು.

ಜಡಿದೆ. ಅಂಗೈಯಲ್ಲಿ ಬೊಬ್ಬೆಗಳೆದ್ದವು. ಬೀದಿಯ ಕಸ ಮುಗಿದುಹೋಯಿತು, ಕಟ್ಟೆ ಮಾತ್ರ ಮೊಣಕಾಲೆತ್ತರಕ್ಕೂ ಬಂದಿರಲಿಲ್ಲ! ಚೀಲ ಹಿಡಿದು ಪಕ್ಕದ ಬೀದಿಗೆ ಹೋದೆ. ಅಲ್ಲಿನ ಇಸ್ತ್ರಿ ಅಂಗಡಿಯವರು ಗದರಿದರು: "ನಮ್ಮ ಬೀದಿ ಕಸಕ್ಕೆ ಯಾಕ್ರೀ ಕೈ ಹಾಕ್ತೀರಾ?" ಮಾವನವರ ಕಥೆ ಹೇಳಿದೆ. ಮರುದಿನ ಅವರೇ ತುಂಬಿದ ಬಾಟಲಿಗಳನ್ನು ಹೊತ್ತು ಬಂದರು. ಹಿಂದೆಯೇ ಹಾಲಿನವರು, ಎದುರುಮನೆ ಅಜ್ಜಿ. ಅವರೆಲ್ಲರ ಉಪಕಾರವನ್ನು ಈ ಜನ್ಮದಲ್ಲಿ ಮರೆಯಲಾರೆ. ಮಾವ ಒಂದೊಂದನ್ನೂ ತುಳಿದು ನೋಡಿ, ಮಣ್ಣು ಮೆತ್ತಿ, ಸಾಲಾಗಿ ಜೋಡಿಸಿದರು.

ಕಟ್ಟೆ ಒಣಗಿದ ಸಂಜೆ ಮಾವ ಹೊರಗೆ ಹೋಗಿ ಕೂತರು. ನಾನು ಓಡಿಹೋಗಿ ಕುರ್ಚಿಯಲ್ಲಿ ಬಿದ್ದುಕೊಂಡೆ. ಆಹಾ! ಹೊರಗೆ ಇಸ್ತ್ರಿಯವರು, ಅಜ್ಜಿ, ಹಾಲಿನವರು ಎಲ್ಲ ಸೇರಿ ಹರಟೆ. ನಡುವೆ ಮಾವನವರ ಗಟ್ಟಿ ನಗು. ಹೆಂಡತಿ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಮಾವ ಕೂಗಿದರು: "ಅಳಿಯಂದ್ರೇ, ಕಟ್ಟೆ ಭರ್ತಿ! ಬಂದೋರು ನಿಂತಿದಾರೆ. ಆ ಕುರ್ಚಿ ಸ್ವಲ್ಪ ಹೊರಗೆ ತನ್ನಿ."

ಕೊಟ್ಟು ಬಂದು ಗೋಡೆಗೆ ಒರಗಿದೆ. ಹೆಂಡತಿ ಒಂದು ಖಾಲಿ ಬಾಟಲಿಯನ್ನೂ ಕೋಲನ್ನೂ ತಂದು ನನ್ನ ಕೈಗಿಟ್ಟಳು.

"ಸುಮ್ನೆ ನಿಂತೇ ಇದ್ದೀರಲ್ಲ, ಒಳಗೂ ಒಂದು ಕಟ್ಟೆಗೆ ಶುರು ಮಾಡಿ."