ಎಲ್ಲರಿಗಿಂತ ಮೊದಲು ಹಡಗು ಹತ್ತಿದ್ದು

ನಮ್ಮ ಮನೆತನದವರು ಇನ್ನು ಮುಂದೆ ಯಾವ ಸರತಿ ಸಾಲಿನಲ್ಲೂ ನಿಲ್ಲತಕ್ಕದ್ದಲ್ಲ ಎಂದು ನಾನು ಕಾಡುಗೋಡಿಯ ಜೆರಾಕ್ಸ್ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ತೀರ್ಮಾನಿಸಿದೆ. ಆಗ ನಮ್ಮ ಕಡೆ ಮೆಟ್ರೋದ ಕಂಬಗಳಷ್ಟೇ ಎದ್ದಿದ್ದವು. ಅಪ್ಪ ನೀರಿನ ಟ್ಯಾಂಕರಿಗೆ ನಿಂತದ್ದು ಸಾಕು, ಫ್ಯಾಕ್ಟರಿ ಬಸ್ಸಿಗೆ ನಿಂತದ್ದು ಸಾಕು. ಸಮುದ್ರದ ಮೇಲಾದರೂ ನಮ್ಮಪ್ಪ ಚನ್ನವೀರಪ್ಪನವರು ಎಲ್ಲರಿಗಿಂತ ಮುಂದೆ ನಡೆಯಲಿ!

ಇದಕ್ಕೊಂದು ಕಾರಣವಿತ್ತು. ನಾನು ಪಿಯುಸಿ ಅರ್ಧಕ್ಕೆ ಬಿಟ್ಟ ದಿನದಿಂದ ಅಪ್ಪ ನನ್ನೊಡನೆ ನೇರವಾಗಿ ಮಾತಾಡಿರಲಿಲ್ಲ. ಊಟಕ್ಕೆ ನಾನು ಎದುರಿಗೇ ಕೂತಿದ್ದರೂ ಉಪ್ಪಿನಕಾಯಿ ಬೇಕೇ ಎಂದು ಅವ್ವನ ಮೂಲಕ ಕೇಳಿಸುವರು. ನಾನು ಅವ್ವನಿಗೆ ಉತ್ತರಿಸುವೆ, ಅವ್ವ ಅದನ್ನು ಅಪ್ಪನಿಗೆ ಮುಟ್ಟಿಸುವಳು. ಉಪ್ಪಿನಕಾಯಿ ಇಷ್ಟು ಸುತ್ತಿ ಬರುವ ಮನೆ ವೈಟ್‌ಫೀಲ್ಡ್ ಸುತ್ತಮುತ್ತ ಇನ್ನೊಂದು ಇರಲಾರದು.

ಅಷ್ಟರಲ್ಲಿ ನನ್ನ ಅಕ್ಕ ಕಾವ್ಯಳ ಕಂಪನಿಯಲ್ಲಿ ಹಡಗಿನ ಪ್ರವಾಸಕ್ಕೆ ರಿಯಾಯಿತಿ ಬಂತು. ಕೊಚ್ಚಿಯಿಂದ ಮುಂಬೈಗೆ ಅಪ್ಪ, ಅವ್ವ, ನಾನು. ಅವಳಿಗೆ ರಜೆಯಿಲ್ಲ. ಅಂಗಡಿಯಲ್ಲಿ ದಿನವಿಡೀ ಕಂಡವರ ಅರ್ಜಿ ತುಂಬುವವನು ನಾನೇ ಆದ್ದರಿಂದ ಬುಕಿಂಗ್ ನನ್ನ ಪಾಲಿಗೆ ಬಂತು. ಹೆಚ್ಚಿಗೆ ದುಡ್ಡು ಕೊಟ್ಟರೆ ಎಲ್ಲರಿಗಿಂತ ಮೊದಲು ಹತ್ತಬಹುದು, ಮೊದಲು ಉಣ್ಣಬಹುದು, ಮೊದಲು ಇಳಿಯಬಹುದು ಎಂದು ಪುಟದ ತಳದಲ್ಲಿತ್ತು. ಅಕ್ಷರ ಬಿಡದೆ ಓದಿ, ಉಳಿಸಿದ್ದ ಸಂಬಳವನ್ನೆಲ್ಲ ಅದಕ್ಕೆ ಸುರಿದೆ.

"ಹಡಗು ಎಲ್ಲರಿಗೂ ಒಂದೇ ಕಣೋ. ನೀವು ಮೊದಲು ಹತ್ತಿದ್ರೆ ಅದು ಮೊದಲು ಹೊರಟ್ಬಿಡುತ್ತಾ?" ಎಂದಳು ಅಕ್ಕ.

ನಿನಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದುಬಿಟ್ಟೆ.

ಕೊಚ್ಚಿಯ ಬಂದರಿನಲ್ಲಿ ಜನರ ಸಾಲು ಹಾವಿನಂತೆ ಸುತ್ತಿಕೊಂಡಿತ್ತು. ಸಮವಸ್ತ್ರದ ಹೆಂಗಸೊಬ್ಬಳು ನಮ್ಮ ಕೊರಳಿಗೆ ಚಿನ್ನದ ಬಣ್ಣದ ಪಟ್ಟಿಯಲ್ಲಿ ಕಾರ್ಡು ನೇತುಹಾಕಿ, ಬೇರೆಯದೇ ಬಾಗಿಲಿನಿಂದ ಕರೆದೊಯ್ದಳು. ಸಾಲಿನವರೆಲ್ಲ ನೋಡುತ್ತಿದ್ದರು. ಅಪ್ಪ ಅಂಗಿಯ ಕಾಲರು ಸರಿಮಾಡಿಕೊಂಡರು. ಇವತ್ತು ಮಾತಾಡಿಯೇ ಬಿಡುತ್ತಾರೆ ಎಂದು ನಾನು ಅವರ ಪಕ್ಕಕ್ಕೇ ಸರಿದು ನಡೆದೆ.

ಹೆಂಗಸು ನಮ್ಮನ್ನು ಹಡಗಿನ ಬಾಗಿಲಿಗೆ ಬಿಟ್ಟು ಹಿಂದಿರುಗಿದಳು. ಒಳಗೆ ನರಪಿಳ್ಳೆಯಿಲ್ಲ. ದೀಪಗಳೆಲ್ಲ ಉರಿಯುತ್ತಿದ್ದವು. ಭಾನುವಾರದ ಐಟಿ ಪಾರ್ಕಿನಂಥ ಮೌನ. ಪಾದದಡಿಯಲ್ಲಿ ಮಾತ್ರ ಏನೋ ದೊಡ್ಡದು ಮಲಗಿ ಉಸಿರಾಡುವಂತೆ ಗುರುಗುಟ್ಟುತ್ತಿತ್ತು.

ಅವ್ವ ಚಪ್ಪಲಿ ಕಳಚಿ ಹೊರಗೇ ನಿಂತಳು. ಅಪ್ಪ ಅವ್ವ ಬಿಟ್ಟುಬಂದ ಊರಿನ ಕಡೆ ಒಳಗಿನವರು 'ಬರ್ರಿ' ಎನ್ನದೆ ಹೊಸ ಮನೆಯ ಹೊಸ್ತಿಲು ದಾಟುವುದಿಲ್ಲ.

"ಯಾರದೀರಿ ಒಳಗ?"

ಕಾದೆವು. ಆಮೇಲೆ ಚಾವಣಿಯಿಂದ ಹೆಣ್ಣು ದನಿಯೊಂದು ನಗುತ್ತಾ ವೆಲ್‌ಕಮ್ ಅಂದಿತು.

"ತೆಲಿ ಮ್ಯಾಲಿಂದ ಕರಿಯೂ ಮನೀಗೆ ನಾ ಬರಂಗಿಲ್ಲ" ಎಂದಳು ಅವ್ವ.

ಅದು ರೆಕಾರ್ಡಿಂಗ್ ಎಂದು ಒಪ್ಪಿಸಿ, ಬಲಗಾಲಿಡಿಸಿ ಒಳಗೆ ತರುವಷ್ಟರಲ್ಲಿ ಬೆವೆತುಹೋದೆ. ಕೋಣೆಗಳು ಇನ್ನೂ ತಯಾರಾಗಿರಲಿಲ್ಲ. ದೊಡ್ಡ ಹಜಾರದಲ್ಲಿ ಕೂರಬೇಕಿತ್ತು. ಅಲ್ಲಿ ಖಾಲಿ ಕುರ್ಚಿಗಳ ನಡುವೆ ಪಿಯಾನೊ ಒಂದು ತನ್ನಷ್ಟಕ್ಕೆ ತಾನೇ ನುಡಿಯುತ್ತಿತ್ತು. ಕಾಣದ ಬೆರಳುಗಳು ಒತ್ತಿದಂತೆ ಅದರ ಕಪ್ಪು ಬಿಳಿ ಕೀಲಿಗಳು ಇಳಿಯುತ್ತಿದ್ದವು, ಏಳುತ್ತಿದ್ದವು. ಇದೂ ಯಂತ್ರವೇ ಎಂದು ಹೇಳಬೇಕಿದ್ದ ನಾನು ಅವ್ವನ ಬೆನ್ನ ಹಿಂದೆ ಸರಿದೆ. ಅವ್ವ ಸೊಂಟದ ಸಂಚಿಯಿಂದ ವಿಭೂತಿ ತೆಗೆದು ನಮಗೆಲ್ಲ ಹಚ್ಚಿದಳು. ಆಮೇಲೆ ತೋಳು ಉದ್ದ ಚಾಚಿ ಪಿಯಾನೊಗೂ ಎಳೆದಳು. ಅದು ಥಟ್ಟನೆ ನಿಂತಿತು! ಹಾಡು ಮುಗಿದಿತ್ತು, ಅಷ್ಟೇ. ಅವ್ವ ಉಸಿರು ಬಿಡುವುದರೊಳಗೆ ಇನ್ನೊಂದು ಶುರುವಾಯಿತು, ಮೊದಲಿನದಕ್ಕಿಂತ ನಿಧಾನವಾಗಿ.

ಊಟದ ಮನೆಗೆ ಓಡಿದೆವು. ಉದ್ದಕ್ಕೂ ಮೇಜುಗಳು, ತಟ್ಟೆಗಳು, ಬೋರಲು ಹಾಕಿದ ಲೋಟಗಳು. ಉಣ್ಣುವವರಿಲ್ಲ, ಬಡಿಸುವವರಿಲ್ಲ.

"ಇಷ್ಟೂ ಯಾರಿಗೆ ಎಡಿ ಇಟ್ಟಾರ?" ಅವ್ವ ಪಿಸುಗುಟ್ಟಿದಳು.

"ಮೊದಲ ಪಂಕ್ತಿ ನಮ್ಮದೇ ಅವ್ವ."

"ಎರಡನೇ ಪಂಕ್ತಿಯವರು ಯಾರು?"

ಉತ್ತರಕ್ಕಾಗಿ ಅಪ್ಪನತ್ತ ತಿರುಗಿದೆ. ಅಪ್ಪ ಇರಲಿಲ್ಲ.

ಅವ್ವನನ್ನು ಅಲ್ಲೇ ಕೂರಿಸಿ ಹುಡುಕಲು ಹೊರಟೆ. ಕಣ್ಣು ಹರಿಯುವವರೆಗೂ ಓಣಿ, ಎರಡೂ ಕಡೆ ಒಂದೇ ಅಚ್ಚಿನ ಬಾಗಿಲು. ಮೆತ್ತನೆಯ ಜಮಖಾನೆಯ ಮೇಲೆ ನನ್ನ ಹೆಜ್ಜೆ ನನಗೇ ಕೇಳಿಸದು. ಲಿಫ್ಟೊಂದು ತಾನಾಗಿ ತೆರೆದುಕೊಂಡಿತು. ಯಾರೂ ಇಳಿಯಲಿಲ್ಲ. ಸ್ವಲ್ಪ ಹೊತ್ತು ಕಾದು ಮುಚ್ಚಿಕೊಂಡಿತು. "ಅಪ್ಪಾ" ಎಂದು ಕೂಗಿದೆ. ತಿರುವಿನಲ್ಲಿ ಬಿಳಿಚಿಕೊಂಡ ಮುಖದವನೊಬ್ಬ ನಿಂತು ನನ್ನನ್ನೇ ದಿಟ್ಟಿಸುತ್ತಿದ್ದ. ಸಾರ್, ನಮ್ಮಪ್ಪನನ್ನು ಏನಾದರೂ ನೋಡಿದಿರಾ ಎಂದು ವಿನಯದಿಂದ ಕೇಳಿದೆ. ಅವನ ತುಟಿಯೂ ನನ್ನ ಜೊತೆಗೇ ಅಲುಗಿತು. ಕನ್ನಡಿಯನ್ನು ಸಾರ್ ಎಂದವನು ನಾನೊಬ್ಬನೇ ಇರಬೇಕು.

ಅಪ್ಪ ಸಮುದ್ರಕ್ಕೇ ಬಿದ್ದಿದ್ದಾರೆ, ನಾನೇ ದುಡ್ಡು ಕೊಟ್ಟು ಬೀಳಿಸಿದೆ ಎಂದುಕೊಂಡು ಹಿಂದಿರುಗಿ ಅವ್ವನ ಪಕ್ಕ ಕುಸಿದೆ. ಅಷ್ಟರಲ್ಲಿ ಸೂಟ್‌ಕೇಸಿನ ಗಾಲಿಗಳ ಸದ್ದು, ಮಕ್ಕಳ ಅಳು, ಜಗಳ, ನಗು. ಹಡಗಿಗೆ ಜೀವ ಬಂತು. ಆ ಜನಸಾಗರದ ಕಟ್ಟಕಡೆಯಲ್ಲಿ, ಯಾರದೋ ಕೂಸನ್ನು ಎತ್ತಿಕೊಂಡು, ಇನ್ಯಾರದೋ ಚಕ್ಕುಲಿ ಜಗಿಯುತ್ತಾ, ಅಪ್ಪ! ಕಾವಲಿನವರಿಗೆ ಕಾರ್ಡು ತೋರಿಸಿ ಕೆಳಗಿಳಿದು, ಸಾಮಾನ್ಯರ ಸಾಲಿನ ತುದಿಯಲ್ಲಿ ಹೋಗಿ ನಿಂತಿದ್ದರಂತೆ.

ಕೂಸನ್ನು ಅದರ ತಾಯಿಗೆ ಕೊಟ್ಟು ಸೀದಾ ನನ್ನ ಮುಂದೆ ಬಂದರು.

"ಬಸ್ಯಾ, ನಿನ್ನ ರೊಕ್ಕದ ಬಾಗಿಲಿಂದ ಬಂದ್ರ ಇದು ದೆವ್ವದ ಮನಿ. ಮಂದಿ ಕೂಡ ಬಂದ್ರ ಹಡಗು. ಇಳಿಯೂ ಹೊತ್ತಿಗೆ ಎಲ್ಲಾರಕಿಂತ ಹಿಂದ ನಿಂದರೂನು. ನೀನೂ ನನ್ನ ಜೋಡಿ ನಿಂದರು."

ಹೂಂ ಎಂದು ತಲೆಯಾಡಿಸಿದೆ.

ಮುಂಬೈಯಲ್ಲಿ ಹಾಗೇ ನಿಂತೆವು. ಕಾಲೇಜು ಬಿಟ್ಟದ್ದಕ್ಕೆ ಅಪ್ಪ ಕೂಡಿಟ್ಟಿದ್ದ ಬೈಗುಳವೆಲ್ಲ ಆ ಸಾಲಿನಲ್ಲಿ ಹೊರಬಂತು. ಫೀಸು ಕಟ್ಟಿದ ಕತೆ, ಕಾಲೇಜಿಗೆಂದು ಹೊರಟು ನಾನು ಕೆರೆ ದಂಡೆಯಲ್ಲಿ ಕೂತಿರುತ್ತಿದ್ದ ಕತೆ, ಒಂದನ್ನೂ ಬಿಡಲಿಲ್ಲ. ಅಕ್ಕಪಕ್ಕದವರು ತಮಗೂ ತಿಳಿಯಿತೆಂಬಂತೆ ತಲೆದೂಗಿದರು. ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ. ಆದರೆ ಸಾಲು ಬೇಗಬೇಗ ಕರಗುತ್ತಿತ್ತು, ಅಪ್ಪನ ಬೈಗುಳ ಇನ್ನೂ ಅರ್ಧದಲ್ಲಿತ್ತು.

ಹಿಂದೆ ತಿರುಗಿ, ತಡವಾಗಿ ಬಂದ ಒಂದು ದೊಡ್ಡ ಸಂಸಾರಕ್ಕೆ ಕೈಮುಗಿದೆ. "ನೀವು ಮುಂದೆ ಹೋಗಿ ಸಾರ್. ನಮಗೇನೂ ಅವಸರವಿಲ್ಲ."